ಜೀಪಮ್ಮನ ಮುಂದಿನ ಚಕ್ರಗಳು

ನನ್ನ ಅತ್ತೆಯನ್ನು ಊರೆಲ್ಲ ಕರೆಯುವುದು ಜೀಪಮ್ಮ ಅಂತ. ಇಪ್ಪತ್ತೆಂಟು ವರ್ಷದಿಂದ ಗುಡ್ಡದ ಮೇಲಿನ ಆಸ್ಪತ್ರೆಗಳಿಗೆ ಲಸಿಕೆಯ ಪೆಟ್ಟಿಗೆಗಳನ್ನು ಮುಟ್ಟಿಸುವ ಡ್ರೈವರ್ ಅವರು. ಅವರ ಜೀಪಿಗೆ ನನ್ನ ಗಂಡನಿಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಅತ್ತೆಯ ಹೊಗಳಿಕೆಯಲ್ಲಿ ದೊಡ್ಡ ಪಾಲೂ ಅದಕ್ಕೇ. ನನ್ನ ವಿಷಯ ಬಂದರೆ, "ಪಾಪ, ಓದಿದೋಳು, ಎಲ್ಲಕ್ಕೂ ಹೆದರ್ತಾಳೆ" ಅಂತ ನಗುತ್ತಾರೆ. ಹೆದರುತ್ತೇನೆ, ನಿಜ. ಮಗುವಿಗೆ ಹದಿನಾಲ್ಕು ತಿಂಗಳಾದರೂ ಮಲಗಿದ್ದಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವವಳು ನಾನು.

ಹೋದ ತಿಂಗಳು ನನ್ನ ಗಂಡ ಜೀಪಿನ ಮುಂದಿನ ಎರಡು ಚಕ್ರಗಳಿಗೆ ಹೊಸ ಹಬ್ ಹಾಕಿಸಿದರು. ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಗುಂಡಿ. 'ಫ್ರೀ' ಕಡೆಗಿದ್ದರೆ ಚಕ್ರ ತನ್ನ ಪಾಡಿಗೆ ಉರುಳುತ್ತದೆ, ಒಳಗಿನ ಶಾಫ್ಟು ಸುಮ್ಮನಿರುತ್ತದೆ. 'ಲಾಕ್' ಕಡೆಗಿದ್ದರೆ ಮಾತ್ರ ಎರಡಕ್ಕೂ ಸಂಬಂಧ.

"ಸ್ಟೇರಿಂಗ್ ಹಗುರ ಆಗುತ್ತಮ್ಮಾ. ಡೀಸೆಲ್ ಉಳಿಯುತ್ತೆ, ಗರಗರ ಸದ್ದೂ ಕಮ್ಮಿ."

"ಕೆಸರಲ್ಲಿ ಹೂತ್ಕೊಂಡಾಗ ನೀನು ಬಂದು ತಿರುಗಿಸ್ತೀಯೇನೋ? ಇಷ್ಟು ದಿನ ಸೀಟಲ್ಲೇ ಕೂತು ಫೋರ್‌ವೀಲ್ ಲಿವರ್ ಎಳೀತಿದ್ದೆ, ಮುಂದಿನ ಚಕ್ರಾನೂ ಎಳೆಯೋಕೆ ಸೇರ್ಕೋತಿತ್ತು, ಮುಗೀತಿತ್ತು."

"ಕೆಸರಿಗೆ ಇಳಿಯೋ ಮುಂಚೆ ತಿರುಗಿಸ್ಕೋ. ಆಮೇಲೆ, ತಿಂಗಳಿಗೊಂದ್ಸಲ ಲಾಕ್ ಮಾಡಿ ಸ್ವಲ್ಪ ದೂರ ಓಡಿಸ್ಬೇಕು. ಇಲ್ಲಾಂದ್ರೆ ಮೇಲಿನ ಬೇರಿಂಗಿಗೆ ಎಣ್ಣೆ ಹತ್ತಲ್ಲ."

"ಸಹಾಯಕ್ಕೆ ಅಂತ ಬಂದು ಕೆಲಸ ಹೆಚ್ಚಿಸೋ ನೆಂಟರ ಥರ ಇದು."

ಹಾಗಂದವರೇ ಹದಿನೈದು ದಿನದಲ್ಲಿ ಭುಜದ ನೋವು ಕಮ್ಮಿಯಾಯಿತು ಅಂತ ಒಪ್ಪಿಕೊಂಡರು. ಗುಂಡಿ 'ಫ್ರೀ' ಕಡೆಗೇ ನಿಂತುಬಿಟ್ಟಿತು.

ಮಗುವಿನ ಲಸಿಕೆಯ ದಿನ ನಾನೂ ಮಗುವೂ ಅವರ ಜೊತೆಗೇ ಹೊರಟೆವು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಹಿಂದಿನ ಎಡಗಡೆ ಟೈರು ಪಂಕ್ಚರ್. ಕಡಿದಾದ ಏರು. ಹಿಂದೆ ಐವತ್ತು ಹೆಜ್ಜೆಗೆ ತಿರುವು, ತಿರುವಿನಾಚೆ ತಡೆಗೋಡೆಯೂ ಇಲ್ಲ. ಮಗು ತನ್ನ ಸೀಟಿನಲ್ಲಿ ನಿದ್ದೆಹೋಗಿತ್ತು.

"ಮಗೂನ ಇಳಿಸ್ಕೊಳ್ಲಾ ಅತ್ತೆ?"

"ಬಿಸಿಲಿಗೆ ಯಾಕೇ ಎಬ್ಬಿಸ್ತೀಯ? ಪೆಟ್ಟಿಗೇಲಿ ಐಸ್ ಕರಗ್ತಿದೆ. ಹತ್ತು ನಿಮಿಷದ ಕೆಲಸ."

"ಚಕ್ರಕ್ಕೆ ಕಲ್ಲಾದ್ರೂ..."

"ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರ ಹಿಡಿಯೋದಲ್ಲ ಕಣೇ, ಹಿಂದಕ್ಕೆ ಹೋಗೋ ಶಾಫ್ಟು ಹಿಡಿಯೋದು. ಹಿಂದಿನ ಒಂದು ಚಕ್ರ ಎತ್ತಿದ್ರೆ ಅದು ಗಾಳೀಲಿ ತಿರುಗುತ್ತೆ, ಜೊತೇದು ಉರುಳುತ್ತೆ. ಅದಕ್ಕೇ ಫೋರ್‌ವೀಲ್ ಹಾಕಿದೀನಿ. ಮುಂದಿನ ಎರಡೂ ಅದೇ ಬ್ರೇಕಿಗೆ ಕಟ್ಟಿಹಾಕಿದ ಹಾಗೆ. ಇಷ್ಟು ವರ್ಷದಲ್ಲಿ ಒಂದು ಬೆರಳಷ್ಟು ಜರುಗಿಲ್ಲ."

ನಟ್ಟುಗಳನ್ನು ಸಡಿಲಿಸಿ ಅವರು ಜಾಕ್ ಒತ್ತತೊಡಗಿದರು. ಜೀಪಿನ ಹಿಂಭಾಗ ಮೆಲ್ಲಗೆ ಏಳುತ್ತಿತ್ತು. ನಾನು ಸುಮ್ಮನೆ ನಿಲ್ಲಲಾರದೆ ಮುಂದೆ ಹೋದೆ. ಮುಂದಿನ ಚಕ್ರದ ಗುಂಡಿ ಕಣ್ಣಿಗೆ ಬಿತ್ತು. ಬಾಣದ ಗುರುತು 'ಫ್ರೀ' ಕಡೆಗಿತ್ತು.

ಫ್ರೀ ಅಂದರೆ ಶಾಫ್ಟಿಗೂ ಚಕ್ರಕ್ಕೂ ಸಂಬಂಧವಿಲ್ಲ. ಸಂಬಂಧವಿಲ್ಲದ ಮೇಲೆ ಕಟ್ಟಿಹಾಕಿದ್ದು ಯಾವುದನ್ನು? ಅತ್ತೆ ಲಿವರ್ ಎಳೆದದ್ದು ಹಳೇ ಜೀಪಿನ ಲೆಕ್ಕದಲ್ಲಿ. ಜೀಪು ನಿಂತಿದ್ದದ್ದು ಹೊಸ ಹಬ್‌ಗಳ ಮೇಲೆ. ಆದರೆ ಇಪ್ಪತ್ತೆಂಟು ವರ್ಷ ಓಡಿಸಿದವರಿಗೆ, ಎಲ್ಲಕ್ಕೂ ಹೆದರುವ ನಾನು ಹೇಳುವುದೇ?

"ಅತ್ತೆ, ನಿಲ್ಲಿಸಿ. ಹಬ್ ಫ್ರೀ ಇದೆ."

"ಇದ್ರೆ ಇರ್ಲಿ ಬಿಡು, ಫೋರ್‌ವೀಲ್ ಹಾಕಿದೀನಲ್ಲ." ಕೈ ನಿಲ್ಲಲಿಲ್ಲ.

ನಾನು ಬಾಗಿಲು ತೆಗೆದು ಒಳಗೆ ನುಗ್ಗಿದೆ. ಮಗುವಿನ ಸೀಟಿನ ಬೆಲ್ಟಿನ ಕೊಂಡಿ ಬಿಚ್ಚಿಕೊಳ್ಳಲಿಲ್ಲ. ಬೆವರಿದ ಬೆರಳು ಜಾರುತ್ತಿತ್ತು. "ಜೀಪು ಅಲ್ಲಾಡಿಸ್ಬೇಡ ಕಣೇ!" ಅಂದರು ಅತ್ತೆ. ಕೊಂಡಿ ಟಕ್ಕೆಂದಿತು. ಮಗುವನ್ನು ಎದೆಗವಚಿಕೊಂಡು ಒಂದು ಕಾಲು ನೆಲಕ್ಕೆ ಇಟ್ಟೆ, ಅಷ್ಟೇ. ನನ್ನ ಬೆನ್ನಿಗೆ ಒರಗಿದ್ದ ಬಾಗಿಲು ಹಿಂದಕ್ಕೆ ಸರಿಯತೊಡಗಿತು. ಇನ್ನೊಂದು ಕಾಲನ್ನೂ ಎಳೆದುಕೊಂಡು ಪಕ್ಕಕ್ಕೆ ಹಾರಿದೆ.

ಸದ್ದೇ ಇರಲಿಲ್ಲ, ಅದೇ ಭಯಂಕರ. ಒಂದು ಗೇಣು, ಎರಡು ಗೇಣು. ಅತ್ತೆ ಜಾಕ್ ಬಿಟ್ಟು ಪಕ್ಕಕ್ಕೆ ಉರುಳಿದರು. ಜಾಕ್ ವಾಲಿತು, ಧಡ್ ಎಂದು ಜೀಪಿನ ಹಿಂಭಾಗ ಕುಸಿಯಿತು. ಗಾಳಿಯಿಲ್ಲದ ಟೈರು ರಸ್ತೆಗೆ ಅಪ್ಪಳಿಸಿದ ಕೂಡಲೇ ಹಿಂದಿನ ಎರಡು ಚಕ್ರವೂ ಬ್ರೇಕಿಗೆ ಸಿಕ್ಕಿ ಜೀಪು ಕಚ್ಚಿ ನಿಂತಿತು. ಮಗು ಕಿರುಚಿತು. ಆ ಕಿರುಚಾಟದಷ್ಟು ಹಿತವಾದದ್ದನ್ನು ನಾನು ಕೇಳಿಲ್ಲ.

ಅತ್ತೆ ರಸ್ತೆಯ ಮೇಲೇ ಕೂತಿದ್ದರು. ಮೊಣಕೈ ತರಚಿತ್ತು. ನನ್ನನ್ನಲ್ಲ, ಮಗುವಿನ ಖಾಲಿ ಸೀಟನ್ನು ನೋಡುತ್ತಿದ್ದರು.

"ಬೈಕೋ ಬೇಕಾದ್ರೆ."

ಬಯ್ಯಲು ಬಾಯಿ ತೆರೆದೆ, ಅಳು ಬಂತು.

ಆಮೇಲೆ ಅವರೇ ಎದ್ದು ಗುಂಡಿ ತಿರುಗಿಸಲು ಹೋದರು. ತರಚಿದ ಕೈಗೆ ಹಿಡಿತ ಸಿಗಲಿಲ್ಲ. ಮಗುವನ್ನು ಒಂದು ಕಂಕುಳಲ್ಲಿಟ್ಟುಕೊಂಡು ನಾನೇ ಎರಡನ್ನೂ 'ಲಾಕ್'ಗೆ ತಂದೆ, ಎರಡನ್ನೂ ಮತ್ತೆ ಮುಟ್ಟಿ ನೋಡಿದೆ. ಸಿಕ್ಕ ಕಲ್ಲುಗಳನ್ನೆಲ್ಲ ಚಕ್ರದ ಹಿಂದೆ ಪೇರಿಸಿ, ಇಪ್ಪತ್ತು ಹೆಜ್ಜೆ ಮೇಲಕ್ಕೆ ಹೋಗಿ ನಿಂತೆ.

ಅತ್ತೆ ಜಾಕ್ ಮತ್ತೆ ಕೂರಿಸಿದರು. ಒಂದು ಸಲ ಒತ್ತಿ ನಿಲ್ಲಿಸಿದರು. ಯಾರನ್ನೂ ಏನನ್ನೂ ಕೇಳಿ ಮಾಡಿದವರಲ್ಲ ಅವರು.

"ಸರಿ ಇದೆಯೇನೇ? ಎತ್ಲಾ?"

"ಒಂದ್ನಿಮಿಷ ಇರಿ ಅತ್ತೆ." ಮತ್ತೆ ಇಳಿದು ಹೋಗಿ ಬಲಗಡೆಯ ಗುಂಡಿ ನೋಡಿ ಬಂದೆ. "ಹ್ಞೂಂ, ಎತ್ತಿ."

ಅವರು ಕಾದಿದ್ದರು. ಪೆಟ್ಟಿಗೆಯಲ್ಲಿ ಐಸ್ ಕರಗುತ್ತಿದ್ದರೂ.