ಸೆಟ್ಲ್ ಆದ ಸಾಲ

ನಮ್ಮ ಕೊಡಿಗೇಹಳ್ಳಿಯಲ್ಲಿ ಒಬ್ಬ ಮನುಷ್ಯನಿಗೆ ಸಿಗಬಹುದಾದ ದೊಡ್ಡ ಬಿರುದು ‘ಸೆಟ್ಲ್ ಆಗಿದ್ದಾನೆ’ ಎನ್ನುವುದು. ಮದುವೆ, ತಲೆಯ ಮೇಲೊಂದು ಸೂರು, ಬಾಗಿಲಲ್ಲೊಂದು ಸ್ಕೂಟರ್ ಇದ್ದವನಿಗೆ ಅದು ಸಲ್ಲುತ್ತದೆ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದೂ ಅದನ್ನೇ. ಹಾಗಾಗಿ ನನ್ನ ಸಾಲ ಸೆಟ್ಲ್ ಆಯಿತೆಂದು ಕಾಗದ ಬಂದ ದಿನ ನಾನು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದೆ. ನನ್ನ ತಂಗಿ ಮಂಜುಳಾ ಬಾಗಲಗುಂಟೆಯಿಂದ ಬಂದು ಎರಡು ತುಂಡು ತಿಂದು ಹೋದಳು. ಆ ಎರಡು ತುಂಡು ನನ್ನ ಗಂಟಲಲ್ಲಿ ಇವತ್ತಿಗೂ ಇಳಿದಿಲ್ಲ.

ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆಟೋಗಳಿಗೆ ಸೀಟು, ಹುಡ್ ಹೊಲಿಯುವುದು ನನ್ನ ಕೆಲಸ. ನನಗೆ ಬರುವ ಇಂಗ್ಲಿಷೆಲ್ಲ ಆಟೋಗಳ ಹಿಂಭಾಗದಲ್ಲಿ ಓದಿ ಕಲಿತದ್ದು. ಆದರೂ ಒಂದು ಸಂಶೋಧನೆ ಮಾಡಿದ್ದೇನೆ: ಇಂಗ್ಲಿಷ್ ಪದಗಳು ನಮ್ಮೂರಿಗೆ ಬಂದ ಮೇಲೆ ನಮ್ಮ ಹಾಗೇ ಬದುಕಲು ಕಲಿಯುತ್ತವೆ. ‘ಅಡ್ಜಸ್ಟ್’ ಎಂದರೆ ಏನೆಂದು ಸೀಟು ಹೊಲಿಯುವ ನನ್ನನ್ನು ಕೇಳಿ. ಮೂವರ ಸೀಟಿನಲ್ಲಿ ಐವರು ಕೂರುವುದು. ‘ಬಿಲ್ಡಪ್’ ಎಂದರೆ ಇಲ್ಲದ್ದನ್ನು ಇದೆಯೆಂದು ಮೆರೆಯುವುದು. ಹೀಗೆ ಎಲ್ಲವನ್ನೂ ಬಲ್ಲ ನಾನು ಎಡವಿದ್ದು ಸೆಟ್ಲ್ ಎಂಬ ಒಂದೇ ಪದಕ್ಕೆ.

ಹಿಂದೊಮ್ಮೆ ಹೊಲಿಗೆ ಬೇಸರವಾಗಿ, ಸಾಲ ಮಾಡಿ ಕಬ್ಬಿನ ಹಾಲಿನ ಯಂತ್ರ ತಂದಿದ್ದೆ. ತಂದದ್ದು ಮಳೆಗಾಲಕ್ಕೆ ಸರಿಯಾಗಿ. ಜಾಮೀನು ಹಾಕಿದವಳು ಮಂಜುಳಾ. ಎಲ್ಲಿ ಸಹಿ ಎಂದಷ್ಟೇ ಕೇಳಿದಳು, ಎಷ್ಟು ಸಾಲ ಎಂದು ಕೇಳಲಿಲ್ಲ. ಯಂತ್ರ ತುಕ್ಕು ಹಿಡಿಯಿತು, ಕಂತು ನಿಂತಿತು. ಅದನ್ನು ಅವಳಿಗೆ ಹೇಳಲಿಲ್ಲ, ಇದೇ ನನ್ನ ತಪ್ಪು. ವಸೂಲಿಯವರು ಬಂದಾಗ ನಾನು ಹುಡ್‌ಗಳ ರಾಶಿಯ ಹಿಂದೆ ಅಡಗುತ್ತಿದ್ದೆ. ಕೊನೆಗೊಬ್ಬ ನಗುಮುಖದ ಆಸಾಮಿ ಬಂದ. “ಅರ್ಧ ಕಟ್ಬಿಡಿ ಅಣ್ಣಾ, ಸೆಟ್ಲ್ ಮಾಡ್ಬಿಡಾಣ,” ಎಂದ. ಅರ್ಧಕ್ಕೇ ಸೆಟ್ಲ್ ಆಗುವ ಭಾಗ್ಯ ಯಾರಿಗುಂಟು! ಕಟ್ಟಿದೆ, ಮೈಸೂರು ಪಾಕ್ ಹಂಚಿಸಿದ ಆ ಕಾಗದವೂ ಬಂತು.

ವರ್ಷಗಳು ಕಳೆದವು. ಬಾಡಿಗೆ ಆಟೋ ಓಡಿಸುತ್ತಿದ್ದ ಮಂಜುಳಾ ಸ್ವಂತಕ್ಕೊಂದು ಕರೆಂಟಿನ ಆಟೋ ಕೊಳ್ಳಲು ಬ್ಯಾಂಕಿಗೆ ಹೋದಳು. ಅಲ್ಲಿಂದಲೇ ಫೋನು.

“ಅಣ್ಣಾ, ನನ್ ಕ್ರೆಡಿಟ್ ರಿಪೋರ್ಟಲ್ಲಿ ಸೆಟ್ಲ್ಡ್ ಅಂತಿದ್ಯಂತೆ. ನಾನ್ಯಾವಾಗ್ ಸೆಟ್ಲ್ ಆದೆ?”

“ಒಳ್ಳೇದೇ ಅಲ್ವೇನಮ್ಮಾ? ಬೇಗ ಲೋನ್ ಕೊಡ್ತಾರೆ ಬಿಡು.”

“ಕೊಡಲ್ವಂತೆ ಕಣೋ. ಅದಕ್ಕೇನೇ ಕೊಡಲ್ವಂತೆ!”

ಮಾರನೆಯ ದಿನ ಇಬ್ಬರೂ ಹೋದೆವು. ಅಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಸೆಟ್ಲ್ಡ್ ಎಂದರೆ ಕೊಡಬೇಕಾದ್ದನ್ನು ಪೂರ್ತಿ ಕೊಟ್ಟಿಲ್ಲ, ಸಾಲ ಕೊಟ್ಟವರು ಬೇಸತ್ತು ಸಿಕ್ಕಷ್ಟು ತೆಗೆದುಕೊಂಡು ಕೈಬಿಟ್ಟರು ಎಂದರ್ಥ. ಜಾಮೀನು ಹಾಕಿದವರ ರಿಪೋರ್ಟಿಗೂ ಆ ಮಸಿ ಮೆತ್ತುತ್ತದೆ.

“ಉಳಿದಿದ್ದೂ ಈಗ ಕಟ್ಬಿಟ್ರೆ ಮೇಡಂ?” ಎಂದೆ.

“ಕ್ಲೋಸ್ಡ್ ಅಂತ ಬದಲಾಗುತ್ತೆ ಸರ್. ಆದ್ರೆ ಕಂತು ತಪ್ಪಿಸಿದ್ದು ಇನ್ನೂ ಕೆಲವು ವರ್ಷ ಕಾಣ್ತಾ ಇರುತ್ತೆ. ಎಷ್ಟು ನಂಬಬಹುದು ಅಂತ ಹೇಳೋ ಸ್ಕೋರ್ ತಕ್ಷಣ ಏರಲ್ಲ, ನಿಧಾನಕ್ಕೆ ಏಳುತ್ತೆ.”

ಹೊರಗೆ ಬಂದು ಮಂಜುಳಾ ನನ್ನನ್ನು ನೋಡಿದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. “ಥೂ ನಿನ್ನ, ಮೈಸೂರು ಪಾಕ್ ಬೇರೆ ತಿನ್ಸಿದ್ಯಲ್ಲೋ ನಂಗೆ!” ಎಂದು ನಕ್ಕಳು. ಬೈದಿದ್ದರೆ ಹಗುರಾಗುತ್ತಿತ್ತು.

ಯಂತ್ರವನ್ನು ಗುಜರಿಗೆ ಹಾಕಿದೆ. ಹಬ್ಬದ ಸಮಯದಲ್ಲಿ ಬಂದ ಹೊಲಿಗೆಯನ್ನೆಲ್ಲ ಒಪ್ಪಿಕೊಂಡು ಉಳಿದ ಸಾಲ ಕಟ್ಟಿದೆ. ಬಾಕಿಯಿಲ್ಲವೆಂಬ ಪತ್ರ ಕೈಗೆ ಬರುವಷ್ಟರಲ್ಲಿ ಚಪ್ಪಲಿ ಸವೆಯಿತು. ಪತ್ರ ಬಂದರೂ ರಿಪೋರ್ಟು ಬದಲಾಗಿರಲಿಲ್ಲ. ಮತ್ತೆ ಅರ್ಜಿ, ಮತ್ತೆ ಓಡಾಟ. ಅಂತೂ ಒಂದು ದಿನ ಕ್ಲೋಸ್ಡ್ ಆಯಿತು. ಈ ಸಲ ಯಾರಿಗೂ ಸ್ವೀಟು ಹಂಚಲಿಲ್ಲ.

ಕ್ಲೋಸ್ ಆದ ಮೇಲೂ ಕಲೆ ಯಾಕೆ ಉಳಿಯಬೇಕೆಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನನ್ನ ಕೆಲಸವೇ ಉತ್ತರ ಹೇಳಿತು. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಉಜ್ಜಿದರಾಯಿತು, ತೂತು ಕೂಡಿಕೊಳ್ಳುತ್ತದೆ. ಸೀಟಿನ ರೆಕ್ಸಿನ್ ಹಾಗಲ್ಲ. ಸೂಜಿ ಒಮ್ಮೆ ಇಳಿದರೆ ತೂತು ತೂತೇ. ಪಕ್ಕದಲ್ಲಿ ಎಷ್ಟು ಚೆಂದದ ಹೊಲಿಗೆ ಹಾಕಿದರೂ ಬಲ್ಲವನ ಕಣ್ಣಿಗೆ ಹಳೆಯ ಸಾಲು ಕಾಣುತ್ತದೆ. ಆದರೆ ಹೊಸ ಹೊಲಿಗೆ ಗಟ್ಟಿಯಿದ್ದರೆ ಸೀಟಿನ ಮೇಲೆ ಧೈರ್ಯವಾಗಿ ಕೂರಬಹುದು.

ಬ್ಯಾಂಕೂ ಹಾಗೇ ಧೈರ್ಯ ಮಾಡಿತು. ಮುಂಗಡ ಸ್ವಲ್ಪ ಜಾಸ್ತಿ ಕೇಳಿ ಮಂಜುಳಾಗೆ ಲೋನ್ ಕೊಟ್ಟಿತು. ಸೀಟಿನ ಕವರ್ ನಾನೇ ಹೊಲಿದೆ, ಒಂದು ತೂತೂ ತಪ್ಪಿ ಬೀಳದ ಹಾಗೆ. ಆಟೋದ ಹಿಂಭಾಗದಲ್ಲಿ ಏನು ಬರೆಸುವುದೆಂಬ ಮಾತು ಬಂದಾಗ ನಾನು ಮೆತ್ತಗೆ, “ಅಣ್ಣನ ಆಶೀರ್ವಾದ ಅಂತ ಬರೆಸ್ಲಾ?” ಎಂದೆ.

“ಬರೆಸಾಣ, ಬರೆಸಾಣ. ಇನ್ನೂ ಕೆಲವು ವರ್ಷ ಹೋಗ್ಲಿ,” ಎಂದಳು. “ನಿನ್ ಸ್ಕೋರೂ ನಿಧಾನಕ್ಕೆ ಏಳ್ಬೇಕಲ್ಲ?”

ಹೆಬ್ಬಾಳದ ಟ್ರಾಫಿಕ್‌ನಲ್ಲಿ ಒಮ್ಮೊಮ್ಮೆ ಅವಳ ಆಟೋ ನನ್ನ ಮುಂದೆಯೇ ನಿಂತಿರುತ್ತದೆ. ಹಿಂಭಾಗ ಇನ್ನೂ ಖಾಲಿ. ಬೇರೆ ಯಾರ ಆಶೀರ್ವಾದವನ್ನೂ ಅವಳು ಅಲ್ಲಿ ಬರೆಸಿಲ್ಲ. ಸದ್ಯಕ್ಕೆ ನನಗೆ ಅಷ್ಟು ಸಾಕು.