ಲ್ಯಾಪ್‌ಟಾಪಿಗಿ ಕೇಳದ ಸಾವಿತ್ರೆವ್ವನ ದನಿ

ರಬಕವಿಯೊಳಗ ಸಾವಿತ್ರೆವ್ವನ ದನಿ ಕೇಳಲಾರದ ಕಿವಿ ಇದ್ರ, ಅದು ಖರೇನ ಕಿವುಡ ಕಿವಿ. ಆಕಿ ತನ್ನ ಕಟ್ಟಿ ಮ್ಯಾಲೆ ನಿಂತು ಕಾಯಿಪಲ್ಲೆ ಗಾಡಿಯಂವಗ "ಬದನಿಕಾಯಿ ಎಳೇವು ಅದಾವೇನೋ?" ಅಂದ್ರ, ಮೂರನೇ ಓಣಿ ಹೆಂಗಸರು ಚೀಲ ಹಿಡಕೊಂಡು ಹೊರಗ ಬರತಿದ್ರು. ಹುಟ್ಟತಾನ ಹಂಗಿದ್ದಾಕಿ ಅಲ್ಲ ಮತ್ತ. ಹತ್ತೊಂಬತ್ತರ ಹರೇದಾಗ ಅನಗವಾಡಿಯಿಂದ ಸೊಸಿಯಾಗಿ ಬಂದಾಗ ಬಾಯಿ ಇದ್ದೂ ಇಲ್ಲದಂಗಿದ್ಲು. ಬಂದ ಮನಿ ನೋಡಿದ್ರ ಒಂದ ಗ್ವಾಡಿ ಆಚೆ ಪಾಂಡಪ್ಪನ ನಾಕು ಪಾವರಲೂಮು, ಹಗಲೆಲ್ಲಾ ಖಟಾಖಟಾ. ಈಚೆ ಗಂಡ ಗಿರಮಲ್ಲಪ್ಪನ ಕೈಮಗ್ಗ. "ನೀರು ಬೇಕೇನ್ರಿ" ಅನ್ನಾಕೂ ಗಂಟಲು ಹರಕೋಬೇಕು. ವರ್ಷ ತುಂಬೂದ್ರಾಗ ದನಿ ಬೆಳೀತು. ಬೆಳದದ್ದು ಮತ್ತ ಸಣ್ಣದಾಗಲೇ ಇಲ್ಲ.

ಗಿರಮಲ್ಲಪ್ಪ ಕಡಿಮಿ ಮಾತಿನ ಮನಷ್ಯಾ. ಮದವಿ ಮನ್ಯಾಗ, ಬಸ್ಸಿನ್ಯಾಗ, ಬೀಗರ ಮುಂದ ಹೆಂಡತಿ ಬಾಯಿ ತಗದಳು ಅಂದ್ರ ಸಾಕು, ಅಂಗೈ ಕೆಳಮುಖ ಮಾಡಿ ಮೆಲ್ಲಕ ಆಡಸಾಂವ. "ಸಣ್ಣಗ ಮಾತಾಡಲೇ, ಮಂದಿ ನೋಡಾಕತ್ತಾರ." ಮೂವತ್ತೊಂದು ವರ್ಷ ಆ ಅಂಗೈ ಆಡೇ ಆಡಿತು. ಆಕಿ ಒಮ್ಮೆ ನಕ್ಕಳು, ಒಮ್ಮೆ ಸಿಟ್ಟಿಗೆದ್ದಳು. ಒಳಗೊಳಗ ನೊಂದದ್ದೂ ಖರೇನ.

ಇಂಥಾಕಿಗಿ ಐವತ್ತರಾಗ ಒಂದು ಆಸೆ ಹುಟ್ಟಿತು. ಜಮಖಂಡಿಯೊಳಗ ಹುಡಿಗ್ಯಾರಿಗಿ ಕೈಮಗ್ಗ ಕಲಸೋ ಕೇಂದ್ರ ಹೊಸದಾಗಿ ಸುರು ಆಗೂದಿತ್ತು. ಕಲಸಾಕ, ನೇಯಾಕ ಬರೋ ಹೆಣಮಗಳು ಬೇಕಾಗಿತ್ತು. ಸಾವಿತ್ರೆವ್ವ ಗಂಡನ ಮಗ್ಗದಾಗ ನೇಯೂದು ಕಲ್ತಿದ್ಲು, ಸಾಲಿ ಕಲ್ತದ್ದು ಮಾತ್ರ ನಾಕನೇ ಇಯತ್ತೆ. ಸಾಲಿ ಬಿಡಸಿದ ದಿವಸ ತಮಗ ಕಲಸೋ ಅಕ್ಕೋರ ಸೆರಗು ಹಿಡಕೊಂಡು ಹೋ ಅಂತ ಅತ್ತಾಕಿ. ಈಗ ತನ್ನನ್ನೂ ಹುಡಿಗ್ಯಾರು "ಅಕ್ಕೋರ" ಅಂತ ಕರದಾರು ಅನ್ನೋದು ತಲಿಯೊಳಗ ಹೊಕ್ಕ ಮ್ಯಾಲೆ ಉಂಡ ಅನ್ನ ರುಚಿಸಲಿಲ್ಲ.

ಸೊಸಿ ರಾಜಶ್ರೀ ಊರಾಗಿನ ಒಂದು ಸೊಸಾಯಿಟಿಯೊಳಗ ಕ್ಲಾರ್ಕು. ಅರ್ಜಿ ಹಾಕಿದಾಕಿ ಆಕಿನ. ಬೆಂಗಳೂರಿಂದ ಉತ್ತರ ಬಂತು: ಸೋಮವಾರ ಹನ್ನೊಂದಕ್ಕ ವಿಡಿಯೋದಾಗ ಸಂದರ್ಶನ, ಲ್ಯಾಪ್‌ಟಾಪೇ ಆಗಬೇಕು, ಫೋನಿನ್ಯಾಗ ನಡ್ಯಾಂಗಿಲ್ಲ. ರವಿವಾರ ಅತ್ತಿ ಸೊಸಿ ಕೂಡಿ ಮುಧೋಳಕ್ಕ ಹೋಗಿ ವೀರೇಶನ ಅಂಗಡಿಯಿಂದ ಅಗಲ ಅಂಚಿನ ಹಳೇ ಲ್ಯಾಪ್‌ಟಾಪ್ ಒಂದು ತಂದ್ರು. ಅಂಗಡ್ಯಾಗ ಸಾವಿತ್ರೆವ್ವ ಅದರ ಮುಂದ "ಹಲೋ" ಅಂದ್ಲು. ಅದು ತಿರುಗಿ ಕೇಳಿಸಿದ ದನಿಗಿ ಬಾಗಲಾಗ ಮಲಗಿದ್ದ ನಾಯಿ ಎದ್ದು ಹೋತು. "ನಿಮಗ ಮೈಕ್ ಯಾತಕ್ರೀ ಯವ್ವಾ?" ಅಂತ ವೀರೇಶ ನಕ್ಕ.

ಮನಿಗಿ ಬಂದ ಕೂಡ್ಲೆ ಗಿರಮಲ್ಲಪ್ಪ ಜಳಕಾ ಮಾಡಿ ಬಂದು ರಿವಾಜಿನಂಗ ಪೂಜಿ ಮಾಡಿದ. ಮಗ್ಗಕ್ಕ, ಸೈಕಲ್ಲಿಗಿ, ಫ್ರಿಜ್ಜಿಗಿ ಮಾಡಿದಂಗ ಇದಕ್ಕೂ ವಿಭೂತಿ, ಎರಡು ಹೂವು, ಒಂದು ಕಾಯಿ. ಎಲ್ಲಾರೂ ಕೈ ಮುಗದ್ರು.

ಸೋಮವಾರ ಒಂಬತ್ತಕ್ಕ ತಾಲೀಮು. ರಾಜಶ್ರೀ ಲ್ಯಾಪ್‌ಟಾಪಿನಿಂದ ತನ್ನ ಫೋನಿಗಿ ವಿಡಿಯೋ ಹಚ್ಚಿ, ಫೋನ್ ಹಿಡಕೊಂಡು ಹಿತ್ತಲಕ್ಕ ಹೋದ್ಲು. ಅತ್ತಿ ಒಳಗ ಕುಂತು "ನಮಸ್ಕಾರ್ರೀ!" ಅಂದ್ಲು.

"ಭಾಳ ಛಲೋ ಕೇಳತೈತ್ರಿ ಅತ್ತೀ!" ಅಂತ ಸೊಸಿ ಒದರಿದ್ಲು. ಒದರಿ, ಕೈಯಾಗಿನ ಫೋನ್ ನೋಡಿದ್ಲು. ಅದರಾಗ ಸಪ್ಪಳನ ಇಲ್ಲ. ದನಿ ಬಂದದ್ದು ಗ್ವಾಡಿ ಮ್ಯಾಲಿಂದ! ಕಿವಿಗಿ ಒತ್ತಿ ಹಿಡದ್ರ ಯಾರೋ ಕೌದಿ ಹೊದಕೊಂಡು ಗೊಣಗಿದಂಗ ಒಂದೀಟು ಕೇಳಸ್ತು, ಅಷ್ಟ.

ಅಲ್ಲಿಂದ ಸುರು ಆತು ನೋಡ್ರಿ ಗೋಳು. ಸೆಟ್ಟಿಂಗ್ ತಗದ್ರ ಮೈಕಿನ ದನಿ ನಲವತ್ತಕ್ಕಿತ್ತು. ನೂರಕ್ಕ ಏರಿಸಿದ್ಲು. ಸಾವಿತ್ರೆವ್ವ ಮಾತಾಡಿದ್ರ ಕುಣೀಬೇಕಾದ ನೀಲಿ ಪಟ್ಟಿ ಒಂದು ನೂಲಿನಷ್ಟು ಮಿಸುಕಾಡಿ ಮಲಗಿತು. ಬಂದ್ ಮಾಡಿ ಚಾಲೂ ಮಾಡಿದ್ಲು, ಮತ್ತ ಹಂಗ. ಫೋನಿನ ಇಯರ್‌ಫೋನ್ ಚುಚ್ಚಾಕ ಹೋದ್ರ ಅದರ ಪಿನ್ನು ಬ್ಯಾರೆ, ಇದರ ತೂತು ಬ್ಯಾರೆ.

"ಪಾಂಡಪ್ಪನ ಲೂಮಿನ ಗದ್ದಲಕ್ಕ ಹಂಗಾಗಾಕತ್ತೈತಿ" ಅಂತ ಗಿರಮಲ್ಲಪ್ಪ ಎದ್ದು ಹೋದ. ಪಾಂಡಪ್ಪ ಪಾಪ ಒಳ್ಳೇವ, ನಾಕೂ ಲೂಮು ಬಂದ್ ಮಾಡಿದ. ಹಗಲೊತ್ತಿನ್ಯಾಗ ಆ ಓಣಿ ಗಪ್ಪಾಗೂದು ಯಾರರೆ ಸತ್ತಾಗಷ್ಟ. ಮಂದಿ ಹೊರಗ ಬಂದು "ಯಾರ ಹೋದ್ರೋ?" ಅಂತ ಕೇಳಾಕತ್ತಿದ್ರು. ಅವರಿಗೆಲ್ಲಾ ಹೇಳಿ ಹೇಳಿ ಗಿರಮಲ್ಲಪ್ಪಗ ಸಾಕಾತು. ನೀಲಿ ಪಟ್ಟಿ ಮಾತ್ರ ಏಳಲಿಲ್ಲ.

ರಾಜಶ್ರೀ ವೀರೇಶಗ ಫೋನ್ ಹಚ್ಚಿದ್ಲು. ಅಂವ ಒಂದೊಂದ ಹೇಳಿದ: ಗದ್ದಲ ಕಡಿಮಿ ಮಾಡೋದು ಅಂತ ಇರತೈತಿ, ಅದನ್ನ ಬಂದ್ ಮಾಡ್ರಿ. ಬೂಸ್ಟ್ ಅಂತ ಇರತೈತಿ, ಅದನ್ನ ಏರಿಸ್ರಿ. ಬಂದ್ ಮಾಡಿದ್ಲು, ಏರಿಸಿದ್ಲು. ಈಗ ಬರೇ ಗೊರ್ ಅನ್ನೋ ಸಪ್ಪಳ ಜಾಸ್ತಿ ಆತು. ಸಾವಿತ್ರೆವ್ವಗ ಒಂದೂ ತಿಳೀಲಿಲ್ಲ. ಊರಿಗೇ ಕೇಳೋ ದನಿ, ಮೊಣಕೈ ಅಂತರದಾಗ ಇರೋ ಡಬ್ಬಿಗಿ ಯಾಕ ಕೇಳವಲ್ದು?

"ಜೋರಾಗಿ ಮಾತಾಡಲೇ!" ಅಂದ ಗಿರಮಲ್ಲಪ್ಪ.

ಆಕಿ ಗಂಡನ್ನ ದಿಟ್ಟಿಸಿ ನೋಡಿದ್ಲು. "ಮೂವತ್ತೊಂದು ವರ್ಷ ಸಣ್ಣಗ, ಸಣ್ಣಗ ಅಂದ್ರಿ. ಇವತ್ತ ಜೋರ ಅಂತೀರಿ. ನಾ ಯಾವದನ್ನ ಕೇಳ್ಲಿ?"

ಅಂವ ಲ್ಯಾಪ್‌ಟಾಪ್ ಆಕಿ ಕಡೆ ಇನ್ನೊಂದೀಟು ಸರಿಸಿದ.

ಹನ್ನೊಂದಾತು. ಪರದೆ ಮ್ಯಾಲೆ ಕನ್ನಡಕ ಹಾಕಿದ ಮೇಡಂ ಒಬ್ಬರು ಬಂದ್ರು. ಸಾವಿತ್ರೆವ್ವ ಎದಿಯಾಗಿನ ಉಸರೆಲ್ಲಾ ತಗದು ನಮಸ್ಕಾರ ಹೇಳಿದ್ಲು. ಓಣಿ ತುದಿಗಿ ಯಾರೋ "ನಮಸ್ಕಾರ್ರಿ" ಅಂದ್ರು, ಮೇಡಂ ಅನ್ನಲಿಲ್ಲ. "ಅಮ್ಮಾ, ನಿಮ್ಮ ಧ್ವನಿ ಕೇಳ್ತಾ ಇಲ್ಲ. ಹತ್ತು ನಿಮಿಷ ಬಿಟ್ಟು ಬನ್ನಿ. ಆಗಲೂ ಆಗದಿದ್ರೆ ಮುಂದಿನವರನ್ನ ಕರೀಬೇಕಾಗತ್ತೆ" ಅಂತ ಹೋಗಿಬಿಟ್ರು.

ಸಾವಿತ್ರೆವ್ವನ ಕಣ್ಣಾಗ ನೀರು ಬಂತು. ಸೆರಗಿಲೆ ವರಸ್ಕೊಂಡ್ಲು. ಆಮ್ಯಾಲೆ, ಮಗ್ಗದಾಗ ಎಳಿ ತಪ್ಪಿದಾಗ ಮಾಡೋ ಕೆಲಸ ಮಾಡಿದ್ಲು. ನೇಯ್ದದ್ದು ಕೆಟ್ರ ಕೆಟ್ಟಲ್ಲೇ ಬೆರಳಾಡಿಸಿ ಉಪಯೋಗಿಲ್ಲ. ಎಲ್ಲೀಮಟ ನೆಟ್ಟಗಿತ್ತೋ ಅಲ್ಲಿಗಿ ಹೋಗಿ, ಅಲ್ಲಿಂದ ಎಳಿ ಹಿಡಕೊಂಡು ಬರಬೇಕು.

"ರಾಜಶ್ರೀ, ಅಂಗಡ್ಯಾಗ ಕೇಳತಿತ್ತು. ಹೌದಿಲ್ಲೋ?"

"ಹೌದ್ರಿ ಅತ್ತಿ."

"ಬಸ್ಸಿನ್ಯಾಗ?"

"ಚೀಲದಾಗಿತ್ರಿ. ನನ್ನ ತೊಡಿ ಮ್ಯಾಲೆ."

"ಮನಿಗಿ ಬಂದು?"

"ಇಲ್ಲೇ ಇಟ್ಟೀನ್ರಿ. ಮಾವಾರು ಪೂಜಿ ಮಾಡಿದ್ರು, ಅದಾದ ಮ್ಯಾಲೆ..." ರಾಜಶ್ರೀ ಅಲ್ಲಿಗೇ ನಿಲ್ಲಿಸಿದ್ಲು.

ಮೂರೂ ಮಂದಿ ಲ್ಯಾಪ್‌ಟಾಪಿನ ಮಾರಿ ನೋಡಿದ್ರು. ಪರದೆ ಮ್ಯಾಲಿನ ಅಂಚಿನ್ಯಾಗ, ಕ್ಯಾಮೆರಾದ ಎಡಕ್ಕ ಬಲಕ್ಕ, ನೀರಾಗ ಕಲಸಿ ಬಳದು ಒಣಗಿದ ಮೂರು ಬೆರಳಿನ ವಿಭೂತಿ. ನಿನ್ನೆಯಿಂದ ಎಲ್ಲಾರ ಕಣ್ಣಮುಂದ ಇತ್ತು. ಮನಿಯೊಳಗಿನ ಯಾವ ಸಾಮಾನಿಗಿ ವಿಭೂತಿ ಇಲ್ಲ ಹೇಳ್ರಿ? ಅದಕ್ಕ ಯಾರಿಗೂ ಕಂಡಿರಲಿಲ್ಲ.

"ಇದು ಹಣಿ ಅಂತ ತಿಳದ್ನಿ" ಅಂದ ಗಿರಮಲ್ಲಪ್ಪ, ತಡವರಿಸಿ. "ನಡುವ ಕಣ್ಣೈತಿ, ಅದನ್ನ ಮುಚ್ಚಬಾರದು ಅಂತ ಹುಷಾರಿಲೆ ಬಿಟ್ಟ ಬಳದೇನಿ."

ಇನ್ನೂ ಚಾಲೂ ಇದ್ದ ಫೋನಿನ್ಯಾಗ ಇದನ್ನೆಲ್ಲಾ ಕೇಳಾಕತ್ತಿದ್ದ ವೀರೇಶ ಹಣಿ ಬಡಕೊಂಡಿದ್ದು ಇಲ್ಲಿಗೂ ಕೇಳಸ್ತು. "ಕಾಕಾ, ಕಣ್ಣ ಬಿಟ್ರಿ, ಕಿವಿ ಮುಚ್ಚಿದ್ರಿ! ಕಣ್ಣಿನ ಮಗ್ಗಲಾಗ ಇರೋ ಸಣ್ಣ ತೂತೇ ಮೈಕ್ರಿ. ಸೂಜಿ ಗೀಜಿ ಹಾಕೀರಿ ಮತ್ತ! ಒಣಾ ಬ್ರಷ್ ತಗೊಂಡು ಮೆಲ್ಲಕ ತಿಕ್ಕರಿ."

ಹಲ್ಲು ತಿಕ್ಕೋ ಹೊಸಾ ಬ್ರಷ್ ಬಂತು. ಗಿರಮಲ್ಲಪ್ಪನ ಕೈಯಾಗ ಕೊಟ್ರ ಅಂವ ಅಲ್ಲೇ ನಿಂತ. "ವಿಭೂತಿ ಅಳಸಬೇಕೇನಲೇ? ಶಿವಾ ಏನಂದಾನು?"

"ಶಿವಗ ನನ್ನ ದನಿ ಮದಲಿಂದ ಕೇಳತೈತಿ" ಅಂದ್ಲು ಸಾವಿತ್ರೆವ್ವ. "ಇದಕ್ಕ ಕೇಳಸಬೇಕಾಗೇತಿ, ತಿಕ್ಕರಿ."

ಕೂದಲಿನಂಥಾ ಎಳಿ ಜೋಡಿಸೋ ಕೈ ಅವಂದು. ಮೆಲ್ಲಕ ತಿಕ್ಕಿದ. ಬಿಳೇ ಪುಡಿ ಉದುರಿ ಕೀಬೋರ್ಡಿನ ಮ್ಯಾಲೆ ಬಿತ್ತು. "ಬಾಯಿಲೆ ಹೇಳಿ ಹೇಳಿ ನಿನ್ನ ಬಾಯಿ ಮುಚ್ಚಸಾಕ ಆಗಲಿಲ್ಲ" ಅಂದ ಅಂವ, ತಲಿ ಎತ್ತಲಿಲ್ಲ. "ನಿನ್ನೆ ಮೂರು ಬೆರಳಿಲೆ ಮುಚ್ಚಿದ್ನಿ ನೋಡು."

ಎರಡ ನಿಮಿಷ ಉಳದಿತ್ತು. ಮೈಕಿನ ದನಿ ಏರಿಸಿದ್ದನ್ನ ಇಳಸೂದು ಯಾರಿಗೂ ನೆನಪಾಗಲಿಲ್ಲ. ಮೇಡಂ ಬಂದ್ರು. "ನಮಸ್ಕಾರ್ರೀ ಮೇಡಂ!" ನೀಲಿ ಪಟ್ಟಿ ಈ ತುದಿಯಿಂದ ಆ ತುದಿಗಿ ಜಿಗೀತು. ಮೇಡಂ ಒಂದು ಕಿವಿಯಾಗಿನ ವೈರು ಕಿತ್ತು ಹಿಂದ ಸರದ್ರು.

"ಅಮ್ಮಾ, ಅಮ್ಮಾ! ಸ್ವಲ್ಪ ಮೆಲ್ಲಗೆ ಮಾತಾಡಿ."

ಮತ್ತ ಅದೇ ಮಾತು!  ಸಾವಿತ್ರೆವ್ವ "ಆತ್ರಿ" ಅಂದದ್ದು ತುಟಿಯಾಗ ಉಳೀತು. ಎಷ್ಟು ಆಸೆಪಟ್ಟು ಕುಂತಿದ್ಲು, ಎಲ್ಲಾ ಇಲ್ಲಿಗೇ ಮುಗೀತು ಅನ್ನಿಸ್ತು. ವಾಡಿಕಿಯಂಗ ಗಂಡನ ಕಡೆ ನೋಡಿದ್ಲು. ಬಾಗಲಾಗ ನಿಂತಿದ್ದ ಗಿರಮಲ್ಲಪ್ಪನ ಅಂಗೈ ಆಡಲಿಲ್ಲ. ಅಂವ ಎರಡ ಹೆಜ್ಜಿ ಮುಂದ ಬಂದು, ಜನಮದಾಗ ಮದಲನೇ ಸಲ ಜೋರಾಗಿ ಮಾತಾಡಿದ.

"ಮೇಡಮ್ಮಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಕಡೆ ದನಿ ನೀವು ಸಣ್ಣದ ಮಾಡ್ಕೊಳ್ಳರಿ. ಹತ್ತು ಮಗ್ಗ ನಡದಲ್ಲೆ ಹುಡಿಗ್ಯಾರಿಗಿ ಕಲಸೂದೈತಿ. ಅಲ್ಲಿ ಕೇಳೂದು ಇದ ದನಿರಿ. ಇಕಿ ಮೆಲ್ಲಕ ಮಾತಾಡಾಂಗಿಲ್ಲ."

 ಮೇಡಂ ನಕ್ಕು ವೈರು ಮತ್ತ ಕಿವಿಗಿ ಹಾಕ್ಕೊಂಡು, "ಹೇಳಿ ಅಮ್ಮಾ, ಮಗ್ಗದಲ್ಲಿ ಎಳೆ ತಪ್ಪಿದ್ರೆ ಏನು ಮಾಡ್ತೀರಿ?" ಅಂದ್ರು.

ಸಾವಿತ್ರೆವ್ವ ಹೇಳಿದ್ಲು. ಲೂಮು ಬಂದ್ ಇದ್ದದ್ದಕ್ಕ ಇಡೀ ಓಣಿ ಕುಂತು ಕೇಳಿತು.

ಹದಿನೈದು ದಿವಸಕ್ಕ ಪತ್ರ ಬಂತು, ಕಲಸಾಕ ಬರ್ರಿ ಅಂತ. ಜಮಖಂಡಿ ಬಸ್ಸಿಗಿ ಹೊಂಟ ಮುಂಜಾನೆ ಗಿರಮಲ್ಲಪ್ಪ ವಿಭೂತಿ ಗಟ್ಟಿ ತಗೊಂಡು ಬಂದು, ಹೆಂಡತಿ ಹಣಿಗಿ ಬಳ್ಯಾಕ ಮೂರು ಬೆರಳು ಎತ್ತಿದ. ಕಣ್ಣ ತುಂಬಿದ್ದಕ್ಕ ಅವಗ ಹಣಿ ಸರಿಯಾಗಿ ಕಾಣವಲ್ದಾಗಿತ್ತು.

ಆಕಿ ಅವನ ಕೈ ಹಿಡಕೊಂಡ್ಲು. "ಹಣಿಗಷ್ಟ ಹಚ್ಚರಿ" ಅಂದ್ಲು, ಮೂರನೇ ಓಣಿಗಿ ಕೇಳೂವಂಗ. "ನನ್ನ ಬಾಯಿ ಬಿಟ್ಟಬಿಡ್ರಿ."

"ಬಿಟ್ಟೇನ್ರಿ, ಅಕ್ಕೋರ" ಅಂದ ಗಿರಮಲ್ಲಪ್ಪ.