ಒಂದೇ ಒಲೆಯ ಮಂದಿ

ಹೋದ ತಿಂಗಳು ಬಸವಕಲ್ಯಾಣದಲ್ಲಿ ರದ್ದಿ ಪೇಪರ್ ಹಾಕಲೆಂದು ಗುಜರಿ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಒಂದು ಹಳೆಯ ಟೀವಿ ಪೆಟ್ಟಿಗೆ. ಮರದ್ದು, ಎದುರಿಗೆ ಎಡಕ್ಕೂ ಬಲಕ್ಕೂ ಸರಿಯುವ ಬಾಗಿಲು. ಒಳಗಿನದನ್ನೆಲ್ಲ ಅಂಗಡಿಯವನು ಕಿತ್ತು ಮಾರಿದ್ದ. ಸುಮ್ಮನೆ ಬಾಗಿಲು ಸರಿಸಿದೆ ನೋಡಿ, ಕಾದ ಧೂಳು, ವಾರ್ನಿಶ್ ಕೂಡಿದ ಆ ವಾಸನೆ… ನಿಂತಲ್ಲೇ ನಿಂತುಬಿಟ್ಟೆ. ಆಮೇಲೆ ರದ್ದಿ ತೂಗಿದ್ದು, ಆಟೋ ಹತ್ತಿದ್ದು, ಒಂದೂ ಸರಿಯಾಗಿ ನೆನಪಿಲ್ಲ.

ನಾನು ರಾಜೇಶ್ವರದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಓಣಿಗೆಲ್ಲ ಟೀವಿ ಇದ್ದದ್ದು ಒಂದೇ ಮನೆಯಲ್ಲಿ, ಓಣಿಯ ಕೊನೆಯಲ್ಲಿದ್ದ ನರ್ಸಬಾಯಿಯವರ ಮನೆಯಲ್ಲಿ. ಹುಡಗಿ ಎಂಬ ಊರಿನ ಕಡೆಯವರು. ಸರಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸಿ ಮಾಡಿಸಿ ತಲೆ ಬೆಳ್ಳಗಾದ ಮೇಲೆ ನಿವೃತ್ತರಾಗಿದ್ದರು. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ. ಓಣಿಯ ಅರ್ಧ ಮಕ್ಕಳು ಹುಟ್ಟಿದ್ದೇ ಅವರ ಕೈಯಲ್ಲಿ. ಆದರೂ ಅವರ ಜಾತಿ ನೋಡಿ ನಮ್ಮವರು ಆ ಮನೆಯ ನೀರು ಕುಡಿಯುತ್ತಿರಲಿಲ್ಲ. ಕೂಸನ್ನು ಹೊರತೆಗೆಯಲು ಆ ಕೈ ನಡೆಯುತ್ತಿತ್ತು, ಅದೇ ಕೈ ಕೊಟ್ಟ ಲೋಟ ನಡೆಯುತ್ತಿರಲಿಲ್ಲ. ಎಂಥ ಮಂದಿ ನಾವು!

ಭಾನುವಾರ ಬೆಳಿಗ್ಗೆ ಮಾತ್ರ ಆ ಮನೆ ತುಂಬುತ್ತಿತ್ತು. ಹೆಂಗಸರೆಲ್ಲ ತಲೆಸ್ನಾನ ಮಾಡಿ, ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು, ತಮ್ಮ ತಮ್ಮ ಮನೆಯ ಚಾಪೆ ಬಗಲಲ್ಲಿಟ್ಟುಕೊಂಡು ಬರುತ್ತಿದ್ದರು. ಮಾಳಿಗೆಯ ಮೇಲಿನ ಆಂಟೆನಾ ಗಾಳಿಗೆ ತಿರುಗಿದರೆ ಪರದೆಯ ತುಂಬ ಬಿಳಿ ಚುಕ್ಕಿ. ಅದರ ನಡುವೆ ಒಂದು ರೈಲು ಸ್ಟೇಷನ್, ಒಂದು ಚಹಾದ ಅಂಗಡಿ, ಅದರಲ್ಲೊಬ್ಬಳು ತಾಯಿ. ಚಿಕ್ಕಂದಿನಲ್ಲಿ ಕಳೆದುಹೋದ ಮಗಳು ಯಾವುದಾದರೂ ರೈಲಿನಿಂದ ಇಳಿದಾಳೆಂದು ವಾರವಾರವೂ ಕಾಯುವವಳು. ಹಿಂದಿ ಧಾರಾವಾಹಿ, ನಮಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಅಳುವಿನಲ್ಲಿ ತಿಳಿಯುತ್ತಿತ್ತು. ರೈಲು ಬಂದಾಗ ಉಸಿರು ಬಿಗಿಹಿಡಿಯುತ್ತಿದ್ದೆವು. ನಾನಾಗ ಬಸುರಿ. ಹೊಟ್ಟೆಯೊಳಗಿನದೂ ಸುಮ್ಮನಾಗುತ್ತಿತ್ತು ಅನ್ನಿಸುತ್ತಿತ್ತು… ನಿಜವೋ ಸುಳ್ಳೋ.

ಒಂದು ದಿನ ಟೀವಿಯವರ ಕಡೆಯಿಂದ ಬಂದೆನೆಂದು ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬಾತ ಬಂದ. ಒಂದು ಪುಸ್ತಕ ಕೊಟ್ಟ. ಯಾವ ಕಾರ್ಯಕ್ರಮವನ್ನು ಮನೆಯವರು ಎಷ್ಟು ಜನ ನೋಡಿದರು, ಅದರಲ್ಲಿ ಬರೆಯಬೇಕು. ಧಾರಾವಾಹಿಗೆ ಮೊದಲು ಹದಿಮೂರೇ ವಾರ ಕೊಡುತ್ತಾರಂತೆ. ನೋಡುವವರು ಹೆಚ್ಚಿದ್ದರೆ ಸಾಬೂನು, ಹಲ್ಲುಪುಡಿಯವರು ಜಾಹೀರಾತು ಕೊಡುತ್ತಾರೆ, ಮತ್ತೆ ಹದಿಮೂರು ವಾರ ಮುಂದುವರಿಯುತ್ತದೆ. ಇಲ್ಲದಿದ್ದರೆ ಬಂದ್. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಮೆಟ್ರಿಕ್ ಪಾಸಾದವಳೆಂದು ಬರೆಯುವ ಕೆಲಸ ನನಗೆ ಬಂತು. ಅತ್ತೆ ಬೇಡ ಅನ್ನಲಿಲ್ಲ, ಅವರಿಗೂ ಆ ಮಗಳು ಸಿಗಬೇಕಿತ್ತು.

ಮೊದಲ ಭಾನುವಾರ ಬಾಯಿಯವರು ಕಣ್ಣಲ್ಲೇ ತಲೆ ಎಣಿಸಿ, “ನಲವತ್ತೊಂದು ಬರಿ ಅವ್ವಾ” ಅಂದರು. ಬರೆದೆ. ಆ ಮನುಷ್ಯ ಮತ್ತೆ ಬಂದವನು ನೋಡಿ ನಕ್ಕು ಹಾಳೆಯ ಮೇಲೆ ಕೆಂಪು ಗೆರೆ ಎಳೆದ.

“ಬಾಯಾರ, ಇದು ಓಣಿ ಲೆಕ್ಕ ಅಲ್ಲರಿ. ಒಂದೇ ಒಲಿ ಮ್ಯಾಲಿಂದು ಉಂಡೋರಿಗಷ್ಟೇ ಮನಿಯವ್ರು ಅಂತಾರ. ನಿಮ್ಮದು ಒಂದೇ ಆಗ್ತದ.”

ಬಾಯಿಯವರು ಆ ಗೆರೆಯ ಮೇಲೆ ಬೆರಳಿಟ್ಟರು. “ಒಂದೇ ಒಲಿ ಮ್ಯಾಲಿಂದು ಉಂಡ್ರ ನಡೀತದಲ್ಲರಿ?” ಅಂದರು. ಆತ ಚೇಷ್ಟೆ ಅಂದುಕೊಂಡು, “ನಡೀತದ ಬಾಯಾರ” ಅಂದು ಹೊಸ ಪುಸ್ತಕ ಕೊಟ್ಟು ಹೋದ.

ಅವರಿಗದು ಚೇಷ್ಟೆಯಲ್ಲ. ಆ ವಾರವೆಲ್ಲ ಗೋಧಿ ಕುಟ್ಟಿದರು, ಬೆಲ್ಲ ತರಿಸಿದರು, ದೊಡ್ಡ ಬೋಗುಣಿ ಬೆಳಗಿದರು. ನಡುವೆ ಒಂದು ಮಧ್ಯಾಹ್ನ ನನ್ನ ಹೊಟ್ಟೆ ಮುಟ್ಟಿ ನೋಡುತ್ತ, ಸೋಮವಾರ ಉಪವಾಸ ಮಾಡಿದ್ದಕ್ಕೆ ಚೆನ್ನಾಗಿ ಬೈದರು. “ಏಳು ತಿಂಗಳ ಬಸುರಿ ಉಪಾಸ ಮಾಡ್ತಾಳೇನ? ಅಕಲ್ ಅದ ಇಲ್ಲ ನಿನಗ?” ಆಮೇಲೆ ಧ್ವನಿ ತಗ್ಗಿಸಿ, “ಟೀವಿದಾಗಿನ ಆ ಕತಿ ನಿಂತರ ಈ ಮನಿಗಿ ಯಾರ ಬರ್ತಾರ ಹೇಳವ್ವಾ” ಅಂದರು. ಬಿಗಿ ಮನುಷ್ಯರು, ಅಂಥ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಭಾನುವಾರ ಧಾರಾವಾಹಿ ಮುಗಿದ ಕೂಡಲೇ ಬಾಯಿಯವರು ಒಳಗಿನಿಂದ ಬೋಗುಣಿ ತಂದಿಟ್ಟರು. ಗೋಧಿ ಹುಗ್ಗಿ, ಮೇಲೆ ತುಪ್ಪ. ಘಮ ಅಂದರೆ ಘಮ! “ಯಾರೂ ಏಳಬ್ಯಾಡ್ರಿ, ಉಂಡು ಹೋಗ್ರಿ” ಅಂದರು. ಚಾಪೆ ಸುತ್ತುವ ಸದ್ದು ಶುರುವಾಯಿತು. ಒಬ್ಬಾಕೆಗೆ ಉಪವಾಸ, ಇನ್ನೊಬ್ಬಾಕೆಗೂ ಉಪವಾಸ. ಭಾನುವಾರ ಅಷ್ಟು ಮಂದಿಯ ಉಪವಾಸ ಕೇಳುವ ದೇವರು ಯಾವುದಿತ್ತೋ, ನಾ ಕಾಣೆ. ಅತ್ತೆಯೂ ಎದ್ದರು. ಕೊನೆಗೆ ಬಾಯಿಯವರು ತಾಟು ಹಿಡಿದು ನನ್ನ ಮುಂದೆ ನಿಂತರು. ನನಗೆ ಹಸಿವಾಗಿತ್ತು, ಬಾಯಲ್ಲಿ ನೀರೂರಿತ್ತು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

“ಉಪಾಸ ಅದರಿ ಬಾಯಾರ” ಅಂದೆ.

ಅವರು ನನ್ನ ಹೊಟ್ಟೆ ನೋಡಿದರು, ಮುಖ ನೋಡಿದರು. ಈ ಸಲ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು…

ಮಧ್ಯಾಹ್ನ ಪುಸ್ತಕ ಬರೆಯಲು ಹೋದಾಗ ಬೋಗುಣಿ ಹಾಗೇ ಇತ್ತು, ತುಪ್ಪ ಹೆಪ್ಪುಗಟ್ಟಿತ್ತು. ನಾಚಿಕೆಗೆ ತಲೆ ಎತ್ತದೆ, “ನಲವತ್ತೊಂದ ಅಂತ ಬರೀತೀನ್ರಿ ಬಾಯಾರ, ಯಾರ ನೋಡಾಕ ಬರ್ತಾರ” ಅಂದೆ.

“ಬ್ಯಾಡ. ದವಾಖಾನಿ ರಿಜಿಸ್ಟರದಾಗ ಹುಟ್ಟಿದ್ದೂ ಬರದೀನಿ, ಸತ್ತಿದ್ದೂ ಬರದೀನಿ. ಸುಳ್ಳ ಬರದಿಲ್ಲ. ಒಂದು ಬರಿ.”

ಒಂದು ಅಂತ ಬರೆದೆ.

ಹದಿಮೂರನೇ ವಾರ ರೈಲಿನ ಕಿಟಕಿಯಲ್ಲಿ ಆ ಮಗಳ ಮುಖ ಕಂಡಿತು, ರೈಲು ಹೊರಟಿತು, ಅಷ್ಟೇ. ಮುಂದಿನ ಭಾನುವಾರ ಅದೇ ಹೊತ್ತಿಗೆ ಯಾರೋ ಸಿತಾರ್ ಬಾರಿಸುತ್ತಿದ್ದರು. ಓಣಿಯವರು ದಿಲ್ಲಿಯ ಟೀವಿಯವರಿಗೆ ಹಿಡಿಶಾಪ ಹಾಕಿದರು. ಒಂದು ಮನೆಯ ಪುಸ್ತಕದಿಂದ ಧಾರಾವಾಹಿ ನಿಲ್ಲುವುದಿಲ್ಲ ಎಂದು ಗಂಡ ನಗಾಡಿದರು. ಅದು ನನಗೂ ಗೊತ್ತು. ಆದರೆ ಚಾಪೆಗಳು ಆ ಮನೆಗೆ ಹೋಗುವುದು ನಿಂತಿತು, ಅವರು ಹೆದರಿದಂತೆಯೇ ಆಯಿತು. ನನ್ನ ಕನಸಿನಲ್ಲಿ ಆ ಹುಡುಗಿ ಬಹಳ ದಿನ ರೈಲಿನಲ್ಲೇ ಇದ್ದಳು…

ನನಗೆ ಮಗಳು ಹುಟ್ಟಿದಾಗ ಹೆರಿಗೆ ಮಾಡಿಸಿದ್ದೂ ನರ್ಸಬಾಯಿಯವರೇ. ಕರೆದ ಕೂಡಲೇ ಬಂದರು. ಕೂಸನ್ನು ಒರೆಸಿ ನನ್ನ ಮಗ್ಗುಲಲ್ಲಿಟ್ಟು, ಕೈ ತೊಳೆದು, ಏನೂ ಕೇಳದೆ ಹೋದರು. ಮಗಳಿಗೆ ಮೂರು ವರ್ಷವಾದಾಗ ಅವರು ತಮ್ಮೂರು ಹುಡಗಿಯಲ್ಲಿ, ತಂಗಿಯ ಮಗಳ ಮನೆಯಲ್ಲಿ ತೀರಿಕೊಂಡರೆಂದು ತಿಳಿಯಿತು. ಅವರ ಹೆಸರಿನಲ್ಲಿ ಊಟ ಹಾಕಿದ ದಿನ ಅತ್ತೆಗೆ ಹೇಳದೆ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಪಂಕ್ತಿಯಲ್ಲಿ ಕೂತು ಉಂಡೆ. ಎರಡು ಸಲ ಹಾಕಿಸಿಕೊಂಡು ಉಂಡೆ. ತಾಟಿನಲ್ಲಿ ಒಂದು ಅಗುಳೂ ಬಿಡಲಿಲ್ಲ.

ಬಡಿಸುತ್ತಿದ್ದ ತಂಗಿಯ ಮಗಳು ಕೇಳಿದಳು, “ಅಕ್ಕಾರ, ನೀವ ಅವ್ರಿಗಿ ಏನ ಆಗಬೇಕರಿ?”

ಮನಿಯವ್ರು ಅನ್ನಬೇಕೆಂದು ಬಾಯಿಯವರೆಗೆ ಬಂತು. “ಅದೇ ಓಣ್ಯಾಗ ಇದ್ದೆವ್ರಿ” ಅಂದೆ.

ಈಗ ನನಗೆ ಅವರಷ್ಟೇ ವಯಸ್ಸಾಗಿದೆ. ಅತ್ತೆಯ ಹೆದರಿಕೆ ಇಲ್ಲ, ಯಾರ ಹೆದರಿಕೆಯೂ ಇಲ್ಲ. ಇವತ್ತು ಕೇಳಿದರೆ ಮನಿಯವ್ರು ಎಂದೇ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.